ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ

ಕನ್ಸೋಲ್ ತುಂಬ ಅದೇ ಸಾಲು: ಎನ್‌ಎಫ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ. ನಮ್ಮ ಕ್ಲಸ್ಟರ್‌ನ ಒಂದು ನೋಡ್‌ನಲ್ಲಲ್ಲ, ಅಕ್ಕಪಕ್ಕದ ಎರಡು ರ‍್ಯಾಕ್‌ಗಳ ಉದ್ದಕ್ಕೂ. ಲೋಡ್ ಆವರೇಜ್ 200 ದಾಟಿ ಏರುತ್ತಲೇ ಇದೆ. ಸಿಪಿಯು ಕಡೆ ನೋಡಿದರೆ ಪೂರಾ ಖಾಲಿ. ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರೂ ಕಾಯುತ್ತಿದ್ದಾರೆ! ಲಿನಕ್ಸ್ ತನ್ನ ಲೋಡ್ ಲೆಕ್ಕಕ್ಕೆ ಓಡುತ್ತಿರುವ ಪ್ರೋಸೆಸ್‌ಗಳ ಜೊತೆ, ಡಿಸ್ಕಿಗೋ ನೆಟ್‌ವರ್ಕಿಗೋ ಕಾದು ಎಬ್ಬಿಸಲಾಗದ ನಿದ್ದೆಗೆ ಬಿದ್ದವನ್ನೂ ಸೇರಿಸುತ್ತದೆ. ಪಟ್ಟಿಯಲ್ಲಿ ಅವುಗಳ ಮುಂದೆ ‘ಡಿ’ ಎಂಬ ಒಂದಕ್ಷರ. ಪರದೆಯ ಮೇಲಿಂದ ಕೆಳಗಿನವರೆಗೂ ಡಿ, ಡಿ, ಡಿ.

“ಪವರ್ ಆಫ್ ಮಾಡಿ ಆನ್ ಮಾಡ್ಬಿಡ್ಲಾ ಸರ್? ಐದೇ ನಿಮಿಷ, ಎಲ್ಲಾ ಸರಿಹೋಗುತ್ತೆ.” ರಾತ್ರಿಪಾಳಿಯ ಆಪರೇಟರ್ ಹುಡುಗನ ಬೆರಳು ಆಗಲೇ ಮೌಸ್ ಮೇಲಿತ್ತು.

“ಮುಟ್ಟಬೇಡ ಮಾರಾಯ! ಒಂದನ್ನೂ ಮುಟ್ಟಬೇಡ!”

ಅವನು ಬೆಚ್ಚಿ ಕೈ ತೆಗೆದ. ಅವನದ್ದೇನೂ ತಪ್ಪಿರಲಿಲ್ಲ. ಅಲುಗಾಡದ ಯಂತ್ರ ಕಂಡರೆ ಸತ್ತಿದೆ ಅಂದುಕೊಳ್ಳುವುದು ಸಹಜ. ಆದರೆ ಆ ನೋಡ್‌ಗಳ ಒಳಗೆ ಹತ್ತಾರು ಜನರ ಲೆಕ್ಕಗಳು ಜೀವಂತವಾಗಿ ನಿಂತಿದ್ದವು. ಅವುಗಳಲ್ಲೊಂದು ಪಶ್ಚಿಮಘಟ್ಟದ ಮುಂಗಾರು ಮಳೆಯ ಮಾದರಿ. ಅದನ್ನು ಓಡಿಸುತ್ತಿದ್ದ ಮಲೆನಾಡಿನ ಸಂಶೋಧನಾ ವಿದ್ಯಾರ್ಥಿನಿ ಯಂತ್ರಕೋಣೆಯ ಗಾಜಿನ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವಳ ಲೆಕ್ಕ ಕೊನೆಯ ಹಂತದಲ್ಲಿತ್ತು. ಅದಕ್ಕೆ ಕೊಟ್ಟ ಅವಧಿ ಬೆಳಗಿನ ಜಾವ ಮುಗಿಯುತ್ತಿತ್ತು. ಅವಧಿ ಮುಗಿದರೆ ಸ್ಲರ್ಮ್ ಎಂಬ ಕೆಲಸ ಹಂಚುವ ತಂತ್ರಾಂಶ ಯಾವ ಕರುಣೆಯೂ ಇಲ್ಲದೆ ಕತ್ತು ಹಿಸುಕುತ್ತದೆ. ಲೆಕ್ಕ ಸಿಕ್ಕಿಹಾಕಿಕೊಂಡಿದೆಯೋ ಓಡುತ್ತಿದೆಯೋ ಎಂದು ಅದು ವಿಚಾರಿಸುವುದಿಲ್ಲ.

ಮೊದಲ ಏಟು ಅಲ್ಲೇ ಬೀಳಬೇಕಿತ್ತು. ಸರದಿಯ ಬಾಗಿಲು ಮುಚ್ಚಿದೆವು. ಸ್ಲರ್ಮ್‌ನಲ್ಲಿ ಈ ಸರದಿಗೆ ಪಾರ್ಟಿಶನ್ ಎಂದು ಹೆಸರು. ಅದನ್ನು ‘ಡೌನ್’ ಮಾಡಿದರೆ ಓಡುತ್ತಿರುವ ಕೆಲಸಗಳಿಗೆ ಏನೂ ಆಗುವುದಿಲ್ಲ, ಹೊಸವು ಮಾತ್ರ ಶುರುವಾಗುವುದಿಲ್ಲ. ಆಮೇಲೆ ಆ ಎರಡು ರ‍್ಯಾಕ್‌ಗಳಲ್ಲಿ ಸಿಕ್ಕಿಬಿದ್ದ ಪ್ರತಿಯೊಂದು ಕೆಲಸದ ಅವಧಿಯನ್ನೂ ಒಂದೊಂದು ದಿನ ಮುಂದೂಡಿದೆವು. ಹಗ್ಗ ಸಡಿಲವಾಯಿತು. ಈಗ ಉಸಿರಾಡಲು ಜಾಗ ಸಿಕ್ಕಿತು, ಬೇಟೆ ಶುರುವಾಯಿತು.

ಕ್ಲಸ್ಟರ್ ಒಂದರಲ್ಲಿ ನೂರಾರು ಯಂತ್ರಗಳಿದ್ದರೂ ಬಳಕೆದಾರನ ಮನೆ, ಅಂದರೆ ಅವನ ಕಡತಗಳಿರುವ ಹೋಮ್ ಡೈರೆಕ್ಟರಿ, ಒಂದೇ. ಅದು ಇರುವುದು ಇನ್ನೆಲ್ಲೋ, ಒಂದು ಸರ್ವರ್‌ನ ಡಿಸ್ಕುಗಳಲ್ಲಿ. ಸನ್ ಮೈಕ್ರೋಸಿಸ್ಟಮ್ಸ್ 1984ರ ಸುಮಾರಿಗೆ ರೂಪಿಸಿದ ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ಆ ದೂರದ ಡಿಸ್ಕನ್ನು ಇಲ್ಲಿಯದೇ ಎಂಬಂತೆ ತೋರಿಸುತ್ತದೆ. ಎಲ್ಲರ ಮನೆಯನ್ನೂ ಎಲ್ಲ ಯಂತ್ರಗಳಲ್ಲೂ ಸದಾ ಜೋಡಿಸಿಡುವುದು ವ್ಯರ್ಥ ಎಂದು ಅದೇ ಕಂಪನಿ 1988ರಲ್ಲಿ ಸನ್‌ಓಎಸ್ 4.0 ಜೊತೆ ಆಟೋಮೌಂಟರ್ ಕೊಟ್ಟಿತು. ಲಿನಕ್ಸ್‌ನಲ್ಲಿ ಆ ಕೆಲಸ ಆಟೋಎಫ್‌ಎಸ್‌ನದು. ಮೊದಲು ಬರೆದವರು ಎಚ್. ಪೀಟರ್ ಆನ್ವಿನ್, ಆಮೇಲೆ ಹೊತ್ತು ನಡೆಸಿದವರು ಇಯಾನ್ ಕೆಂಟ್. ಅದರ ಚಳಕ ನನಗೆ ಇಂದಿಗೂ ರೋಮಾಂಚನ ತರುತ್ತದೆ. ನೀವು ನಿಮ್ಮ ಮನೆಯ ದಾರಿ ಹಿಡಿದ ಕ್ಷಣ ಕರ್ನಲ್ ನಿಮ್ಮ ಪ್ರೋಸೆಸನ್ನು ತಡೆದು ನಿಲ್ಲಿಸುತ್ತದೆ. ಒಂದು ಪೈಪ್ ಮೂಲಕ ಆಟೋಮೌಂಟ್ ಎಂಬ ಹಿನ್ನೆಲೆ ಸೇವಕನಿಗೆ ಸುದ್ದಿ ಮುಟ್ಟಿಸುತ್ತದೆ. ಅವನು ನಕ್ಷೆ ತೆರೆದು ‘ಈ ಹೆಸರಿನ ಮನೆ ಯಾವ ಸರ್ವರ್‌ನಲ್ಲಿ’ ಎಂದು ಹುಡುಕಿ, ಅಲ್ಲಿಂದ ತಂದು ಜೋಡಿಸಿ, ಸಿದ್ಧ ಎನ್ನುತ್ತಾನೆ. ನಿಮ್ಮ ಪ್ರೋಸೆಸ್ ಎಚ್ಚರಗೊಳ್ಳುತ್ತದೆ. ನಡುವೆ ಏನೋ ನಡೆಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಬಳಸದೆ ಬಿಟ್ಟರೆ, ಸಾಮಾನ್ಯವಾಗಿ 300 ಸೆಕೆಂಡುಗಳ ಬಳಿಕ, ಅವನೇ ಸದ್ದಿಲ್ಲದೆ ಕಳಚಿಡುತ್ತಾನೆ.

ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಹೊರಗೆ ಕಾಣುವುದು ಒಂದೇ: ಮನೆ ಇಲ್ಲ.

ರೂಟ್ ಆಗಿ ಒಳಗೆ ಇಳಿದೆ. ರೂಟ್‌ನ ಮನೆ ಆಯಾ ಯಂತ್ರದಲ್ಲೇ ಇರುತ್ತದೆ. ಪ್ರವಾಹದಲ್ಲಿ ಮುಳುಗದ ಬಂಡೆ ಅದೊಂದೇ. ಇಳಿದ ಮೇಲೂ ಹೆಜ್ಜೆಹೆಜ್ಜೆಗೆ ಬೋನು. ಡಿಎಫ್ ಅಂತ ಹೊಡೆದರೆ ಅದು ಜೋಡಿಸಿದ ಪ್ರತಿಯೊಂದನ್ನೂ ಮುಟ್ಟಿ ನೋಡುತ್ತದೆ, ಸತ್ತ ಮೌಂಟ್ ಮುಟ್ಟಿದೊಡನೆ ತಾನೂ ‘ಡಿ’ ಆಗಿ ನಿಲ್ಲುತ್ತದೆ. ಅಭ್ಯಾಸಬಲದಿಂದ ಟ್ಯಾಬ್ ಕೀಲಿ ಒತ್ತಿದರೂ ಸಾಕು, ಹೆಸರು ಪೂರ್ತಿ ಮಾಡಲು ಹೋದ ಶೆಲ್ ಅಲ್ಲೇ ಕಲ್ಲಾಗುತ್ತದೆ. ಕಂಟ್ರೋಲ್-ಸಿಗೆ ಬಗ್ಗುವುದಿಲ್ಲ. ಹಳೆಯ ಕರ್ನಲ್‌ಗಳಲ್ಲಿ ಕಿಲ್ 9ಕ್ಕೂ ಬಗ್ಗುತ್ತಿರಲಿಲ್ಲ. 2008ರ 2.6.25 ಆವೃತ್ತಿಯ ನಂತರವೇ ಇಂಥ ನಿದ್ದೆಯನ್ನು ಆ ಮಾರಕ ಸಿಗ್ನಲ್ ಒಡೆಯುವಂತಾದದ್ದು. ಹಾಗಾಗಿ ಪ್ರತಿ ಆದೇಶಕ್ಕೂ ಟೈಮ್‌ಔಟ್ ಕಟ್ಟಿ, ಐದು ಸೆಕೆಂಡಿಗೆ ಉತ್ತರ ಬಾರದಿದ್ದರೆ ಕೊಲ್ಲು ಎಂದು ಹೇಳಿಯೇ ಕಳಿಸಿದೆ. ಡಿಎಫ್ ಬದಲು ಕರ್ನಲ್‌ನ ಮೌಂಟ್ ಪಟ್ಟಿಯನ್ನೇ ಓದಿದೆ. ಅದು ಯಾರನ್ನೂ ಮುಟ್ಟದೆ ಉತ್ತರ ಕೊಡುತ್ತದೆ.

ಪಿಡಿಎಸ್‌ಎಚ್ ಮೂಲಕ ಎಲ್ಲ ನೋಡ್‌ಗಳಿಗೂ ಒಂದೇ ಪ್ರಶ್ನೆ: ನಿನ್ನ ಮನೆ ಎಲ್ಲಿ?

ಉತ್ತರಗಳು ಬರತೊಡಗಿದವು, ನಾವು ದಂಗಾದೆವು. ಆರೋಗ್ಯವಾಗಿದ್ದ ರ‍್ಯಾಕ್‌ಗಳು ಸರಿಯಾಗಿ ಹೇಳಿದವು. ಆ ಎರಡು ರ‍್ಯಾಕ್‌ಗಳ ಹೆಚ್ಚಿನ ನೋಡ್‌ಗಳು ಮೌನ, ಟೈಮ್‌ಔಟ್. ಆದರೆ ಅದೇ ರ‍್ಯಾಕ್‌ಗಳ ಕೆಲವು ನೋಡ್‌ಗಳು ಮಾತ್ರ ತಟ್ಟನೆ ಉತ್ತರಿಸಿದ್ದವು: ಅಂಥ ಡೈರೆಕ್ಟರಿಯೇ ಇಲ್ಲ. ಒಂದೆಡೆ ಕೊನೆಯಿಲ್ಲದ ಕಾಯುವಿಕೆ, ಇನ್ನೊಂದೆಡೆ ಕ್ಷಣದಲ್ಲಿ ನಿರಾಕರಣೆ. ಒಂದೇ ರೋಗ ಎರಡು ಥರ ಕಾಣಿಸುವುದಿಲ್ಲ. ಇಲ್ಲಿ ಎರಡು ರೋಗಗಳಿದ್ದವು, ಒಂದರ ಮರೆಯಲ್ಲಿ ಇನ್ನೊಂದು!

ಅಷ್ಟರಲ್ಲಿ ಇನ್ನೊಂದು ಚೀರಾಟ. “ಸರ್, ಲಾಗಿನ್ ನೋಡ್‌ನಲ್ಲೂ ಹೋಮ್ ಖಾಲಿ! ಎಲ್ಲರದ್ದೂ ಹೋಯ್ತು!” ಹುಡುಗನ ಮುಖ ಬಿಳಿಚಿಕೊಂಡಿತ್ತು. ನೋಡಿದೆ. ನಿಜ, ಹೋಮ್ ಒಳಗೆ ಪಟ್ಟಿ ಕೇಳಿದರೆ ಒಂದು ಹೆಸರೂ ಇಲ್ಲ. “ಆ ವಿದ್ಯಾರ್ಥಿನಿಯ ಹೆಸರು ಹಾಕಿ ನೇರವಾಗಿ ಒಳಗೆ ಹೋಗು,” ಅಂದೆ. ಹೋದ. ಕಡತಗಳೆಲ್ಲ ಸಾಲಾಗಿ ಎದ್ದು ನಿಂತವು. ಆಟೋಎಫ್‌ಎಸ್ ಹೀಗೆಯೇ: ಹೆಸರು ಹಿಡಿದು ಕರೆಯುವ ತನಕ ಮನೆ ಕಾಣಿಸುವುದಿಲ್ಲ. ಖಾಲಿ ಪಟ್ಟಿ ರೋಗವಲ್ಲ, ಅದರ ಸಹಜ ಸ್ಥಿತಿ. ಈ ಒಂದು ಸಂಗತಿ ತಿಳಿಯದೆ ಎಷ್ಟು ಜನ ಎಷ್ಟು ರಾತ್ರಿ ಗಾಬರಿಬಿದ್ದು ಸರಿಯಿದ್ದುದನ್ನೂ ಕೆಡಿಸಿದ್ದಾರೋ!

ಮೊದಲು ಮೌನ ರೋಗ. ಪಿಂಗ್ ಹೊಡೆದರೆ ಸರ್ವರ್ ಚಕ್ಕನೆ ಉತ್ತರಿಸುತ್ತದೆ. ಆರ್‌ಪಿಸಿ ಪಟ್ಟಿ ಬರುತ್ತದೆ. ಎನ್‌ಎಫ್‌ಎಸ್‌ನ 2049 ಪೋರ್ಟ್ ತೆರೆದಿದೆ, ಸಂಪರ್ಕ ಕೂಡಲೇ ಆಗುತ್ತದೆ. ಬಳಕೆದಾರರ ಗುರುತು ಕೇಳಿದರೆ ಸರಿ, ನಕ್ಷೆ ಓದಿಸಿದರೆ ಸರಿ. ಎಲ್ಲ ಸರಿ, ಆದರೂ ಕೈಗೆ ಬಂದದ್ದು ಬಾಯಿಗೆ ಬರುತ್ತಿಲ್ಲ! ಕೆಲಸವಿಲ್ಲದೆ ನಿಂತಿದ್ದ ಒಂದು ನೋಡನ್ನು ಆರಿಸಿ, ಅಲ್ಲಿ ಹೊಸದಾಗಿ ಮೌಂಟ್ ಮಾಡಿದೆ. ಆಯಿತು! ನಾಲ್ಕೇ ಕಡತಗಳಿದ್ದ ಒಂದು ಮನೆ ತೆರೆದೆ. ತೆರೆಯಿತು! ಸಾವಿರಾರು ಕಡತಗಳಿದ್ದ ಇನ್ನೊಂದನ್ನು ತೆರೆದೆ. ನಿಂತಿತು. ಮರಳಿ ಮೊದಲಿನ ಚಿಕ್ಕ ಮನೆಗೆ ಹೋದೆ. ಈಗ ಅದೂ ನಿಂತಿತು!

ಆ ಕ್ಷಣ ಮೈ ಜುಮ್ಮೆಂದಿತು. ಒಂದು ನೋಡ್‌ನಿಂದ ಒಂದು ಸರ್ವರ್‌ಗೆ ಎನ್‌ಎಫ್‌ಎಸ್ ಸಾಮಾನ್ಯವಾಗಿ ಒಂದೇ ಟಿಸಿಪಿ ಸಂಪರ್ಕ ಬಳಸುತ್ತದೆ. ಎಲ್ಲ ಬಳಕೆದಾರರ ಮನೆಗೂ ಅದೇ ದಾರಿ. ಯಾರೋ ಒಬ್ಬರ ದೊಡ್ಡ ಉತ್ತರ ನಡುವೆ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಲ್ಲುತ್ತಾರೆ. ಚಿಕ್ಕದು ಬರುತ್ತದೆ, ದೊಡ್ಡದು ಬರುವುದಿಲ್ಲ. ಸಾಕೆಟ್ ಪಟ್ಟಿ ನೋಡಿದೆ: ಕಳಿಸಬೇಕಾದ ಬೈಟ್‌ಗಳು ಸಾಲುಗಟ್ಟಿ ನಿಂತಿವೆ, ಕರಗುತ್ತಿಲ್ಲ, ಮರುಪ್ರಯತ್ನದ ಎಣಿಕೆ ಮಾತ್ರ ಏರುತ್ತಿದೆ.

“ಸಂಜೆ ಈ ರ‍್ಯಾಕ್‌ಗಳಲ್ಲಿ ಯಾರು ಕೈಯಾಡಿಸಿದ್ರು?” ಹುಡುಗ ರಿಜಿಸ್ಟರ್ ತಂದ. ಕೆಟ್ಟಿದ್ದ ಈಥರ್‌ನೆಟ್ ಸ್ವಿಚ್ ಬದಲಿಸಲಾಗಿದೆ, ಕೆಲವು ನೋಡ್‌ಗಳನ್ನು ಆಫ್ ಮಾಡಿ ಆನ್ ಮಾಡಲಾಗಿದೆ, ಪಿಂಗ್ ಪರೀಕ್ಷೆ ಯಶಸ್ವಿ, ಸಹಿ. ಅಷ್ಟೇ.

ಪಿಂಗ್ ಯಶಸ್ವಿ! ಮಾಮೂಲಿ ಪಿಂಗ್ ಹೊತ್ತೊಯ್ಯುವುದು 56 ಬೈಟ್. ನಮ್ಮ ಸರ್ವರ್ ಮತ್ತು ನೋಡ್‌ಗಳು ಮಾತಾಡುವುದು 9000 ಬೈಟ್‌ಗಳ ಜಂಬೋ ಫ್ರೇಮ್‌ಗಳಲ್ಲಿ. ಐಪಿಯ ತಲೆಬರಹ 20, ಪಿಂಗ್‌ನ ತಲೆಬರಹ 8, ಕಳೆದರೆ 8972. ಒಡೆಯಬಾರದು ಎಂಬ ಕಟ್ಟಪ್ಪಣೆ ಹಾಕಿ 8972 ಬೈಟ್‌ನ ಪಿಂಗ್ ಬಿಟ್ಟೆ.

ಮೌನ.

1472 ಬಿಟ್ಟೆ. ಉತ್ತರ, ಉತ್ತರ, ಉತ್ತರ!

ಸಿಕ್ಕಿಬಿತ್ತು! ಹೊಸ ಸ್ವಿಚ್ 1500 ಬೈಟ್‌ಗಿಂತ ದೊಡ್ಡದನ್ನು ಒಳಬಿಡುತ್ತಿಲ್ಲ. ಬೆಂಗಳೂರಿನ ತಗ್ಗಿನ ರೈಲ್ವೆ ಅಂಡರ್‌ಪಾಸ್‌ನಂತೆ, ಸ್ಕೂಟರ್‌ಗಳೆಲ್ಲ ಸರಾಗ, ಲಾರಿಗೆ ದಾರಿಯಿಲ್ಲ. ಹೆಚ್ಚು ಭಯಂಕರವಾದದ್ದು ಅದರ ಮುಂದಿನದು. ನಡುವೆ ರೌಟರ್ ಇದ್ದಿದ್ದರೆ ‘ನಿನ್ನ ಪೊಟ್ಟಣ ದೊಡ್ಡದಾಯಿತು’ ಎಂದು ಕಳಿಸಿದವನಿಗೆ ತಿಳಿಸುತ್ತಿತ್ತು. ಇಂಥ ಸ್ವಿಚ್ ಏನೂ ಹೇಳುವುದಿಲ್ಲ, ಬಿಸಾಡುತ್ತದೆ. ಟಿಸಿಪಿಯ ಎರಡೂ ತುದಿಗಳು ಆರಂಭದ ಚಿಕ್ಕ ಪೊಟ್ಟಣಗಳಲ್ಲಿ ‘ನನ್ನ ಅಳತೆ 8960’ ಎಂದು ಒಪ್ಪಂದ ಮಾಡಿಕೊಂಡಿವೆ. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ನಡುವಿನ ಗೋಡೆ ಗೊತ್ತಿಲ್ಲ. ಕಳಿಸುತ್ತಾರೆ, ಕಾಯುತ್ತಾರೆ, ಅದೇ ಗಾತ್ರದ್ದನ್ನು ಮತ್ತೆ ಕಳಿಸುತ್ತಾರೆ.

ನೆಟ್‌ವರ್ಕ್ ನೋಡಿಕೊಳ್ಳುವ ಮೇಡಂಗೆ ಆ ಸರಿರಾತ್ರಿ ಫೋನ್ ಮಾಡಿದೆ. ಎರಡೇ ರಿಂಗ್‌ಗೆ ಎತ್ತಿಕೊಂಡರು. ಮನೆಯಿಂದಲೇ ಸ್ವಿಚ್ ಒಳಗೆ ಹೋಗಿ, “ಹೌದು ನೋಡಿ, ಅಳತೆ ಮೀರಿದ ಫ್ರೇಮ್‌ಗಳ ಕೌಂಟರ್ ಓಡ್ತಾ ಇದೆ. ನಾನು ನೋಡ್ತಿರುವಾಗಲೇ ಸಾವಿರ ದಾಟ್ತು. ಎಂಟಿಯು 9216ಕ್ಕೆ ಏರಿಸ್ತೀನಿ. ಲಿಂಕ್ ಒಂದು ಸಲ ಬಿದ್ದು ಏಳಬಹುದು, ಪರವಾಗಿಲ್ವಾ?”

“ಬೀಳಲಿ ಮೇಡಂ. ಮೌಂಟ್‌ಗಳೆಲ್ಲ ಹಾರ್ಡ್.”

ಈ ಒಂದು ಪದದ ಮೇಲೆ ಆ ರಾತ್ರಿಯ ಎಲ್ಲ ಜೀವಗಳೂ ನಿಂತಿದ್ದವು. ‘ಸಾಫ್ಟ್’ ಎಂದು ಜೋಡಿಸಿದ್ದರೆ ಎನ್‌ಎಫ್‌ಎಸ್ ಸ್ವಲ್ಪ ಹೊತ್ತು ಕಾದು, ಕೈಚೆಲ್ಲಿ, ಬರೆಯುತ್ತಿದ್ದ ಪ್ರೋಗ್ರಾಮ್‌ಗೆ ದೋಷ ಕೊಡುತ್ತಿತ್ತು. ಎಷ್ಟೋ ವೈಜ್ಞಾನಿಕ ಪ್ರೋಗ್ರಾಮ್‌ಗಳು ಆ ದೋಷವನ್ನು ಗಮನಿಸುವುದೇ ಇಲ್ಲ. ಅರ್ಧ ಬರೆದ ಕಡತವನ್ನು ಪೂರ್ತಿ ಎಂದುಕೊಂಡು ಮುಂದೆ ಓಡುತ್ತವೆ. ‘ಹಾರ್ಡ್’ ಹಾಗಲ್ಲ. ಗಂಟೆಯಾಗಲಿ, ದಿನವಾಗಲಿ, ಬರೆಯಬೇಕಾದದ್ದನ್ನು ಬರೆಯುವ ತನಕ ಪ್ರೋಸೆಸನ್ನು ಬಿಡುವುದಿಲ್ಲ. ಜನ ಇದನ್ನು ‘ಹ್ಯಾಂಗ್ ಆಯ್ತು’ ಎಂದು ಬಯ್ಯುತ್ತಾರೆ. ನಾನು ಮಾತ್ರ ಈ ಹಟವನ್ನು ಪ್ರೀತಿಸುತ್ತೇನೆ. ಕಾದು ನಿಂತಿರುವ ಪ್ರೋಸೆಸ್ ತನ್ನ ಇಡೀ ನೆನಪನ್ನು ಎದೆಗವಚಿಕೊಂಡು ನಿಂತಿರುತ್ತದೆ. ದಾರಿ ತೆರೆದರೆ ಸಾಕು, ನಿಂತ ಹೆಜ್ಜೆಯಿಂದಲೇ ಮುಂದುವರಿಯುತ್ತದೆ.

“ಏರಿಸಿದೆ,” ಅಂದರು ಮೇಡಂ.

ಏನೂ ಆಗಲಿಲ್ಲ. ಹತ್ತು ಸೆಕೆಂಡು. ಇಪ್ಪತ್ತು. ಹುಡುಗ ನನ್ನ ಮುಖ ನೋಡಿದ. ಬಹಳ ಹೊತ್ತು ಸೋತ ಟಿಸಿಪಿ ಪ್ರತಿ ಮರುಪ್ರಯತ್ನಕ್ಕೂ ನಡುವಿನ ಅಂತರ ಹಿಗ್ಗಿಸುತ್ತ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದರ ಮಿತಿ 120 ಸೆಕೆಂಡು. ದಾರಿ ತೆರೆದಿದೆ ಎಂದು ಅದಕ್ಕೆ ಹೇಳುವವರಿಲ್ಲ, ತಾನೇ ಮುಂದಿನ ಸಲ ತಟ್ಟಬೇಕು. ಒಂದು ನಿಮಿಷ. ಗಾಜಿನ ಆಚೆ ಅವಳು ಎರಡೂ ಕೈಗಳನ್ನು ಗಾಜಿಗೆ ಒತ್ತಿ ನಿಂತಿದ್ದಳು. ಒಂದೂವರೆ ನಿಮಿಷ...

ಎನ್‌ಎಫ್‌ಎಸ್ ಸರ್ವರ್ ಓಕೆ.

ಒಂದು ನೋಡ್. ಇನ್ನೊಂದು. ಆಮೇಲೆ ಧಬಧಬ ಸುರಿದವು, ಓಕೆ, ಓಕೆ, ಓಕೆ! ‘ಡಿ’ಗಳು ಒಂದೊಂದಾಗಿ ‘ಆರ್’ ಆದವು. ಲೋಡ್ ಇಳಿಯಿತು, ಸಿಪಿಯು ಏರಿತು, ಫ್ಯಾನ್‌ಗಳು ಒಮ್ಮೆಲೇ ಮೊರೆದವು. ಹೊರಗೆ ಓಡಿದೆ.

“ಸರ್, ನನ್ನ ರನ್ ಹೋಯ್ತಾ?”

“ಹೋಗಿಲ್ಲಮ್ಮ. ನಿಂತಿತ್ತು, ಈಗ ಓಡ್ತಿದೆ. ಲಾಗ್ ನೋಡ್ಕೋ.”

ಆದರೆ ಅವಳ ಕಣ್ಣಲ್ಲಿ ಇನ್ನೂ ಹೆದರಿಕೆ. “ಅದು ಸರಿ ಸರ್. ರಾತ್ರಿ ಎಂಟರ ಮೇಲೆ ಹಾಕಿದ ಚಿಕ್ಕ ರನ್‌ಗಳು ಮುಗಿದಿವೆ ಅಂತ ತೋರಿಸ್ತಿದೆ. ಅವುಗಳ ಫಲಿತಾಂಶ ಮಾತ್ರ ಎಲ್ಲೂ ಇಲ್ಲ.”

ಎರಡನೆಯ ರೋಗ! ತಟ್ಟನೆ ನಿರಾಕರಿಸಿದ ಆ ನೋಡ್‌ಗಳು! ಸ್ವಿಚ್ ಬದಲಿಸುವಾಗ ಆಫ್ ಮಾಡಿ ಆನ್ ಮಾಡಿದ್ದವು ಅವೇ. ಅವು ಎದ್ದಾಗ ಸ್ವಿಚ್ ಇನ್ನೂ ಎದ್ದಿರಲಿಲ್ಲ. ಆಟೋಎಫ್‌ಎಸ್ ತನ್ನ ನಕ್ಷೆಯನ್ನು ಎಲ್‌ಡ್ಯಾಪ್ ಸರ್ವರ್‌ನಿಂದ ಕೇಳಿದೆ, ಉತ್ತರವಿಲ್ಲ. ಸ್ವಲ್ಪ ಕಾದಿದೆ, ನಕ್ಷೆಯಿಲ್ಲದೆಯೇ ಶುರುವಾಗಿದೆ. ನೆಟ್‌ವರ್ಕ್ ಆಮೇಲೆ ಬಂತು, ಬಳಕೆದಾರರ ಗುರುತೂ ಬಂತು, ಸ್ಲರ್ಮ್ ‘ನಾನು ಸಿದ್ಧ’ ಎಂದು ಕೆಲಸವನ್ನೂ ತೆಗೆದುಕೊಂಡಿತು. ನಕ್ಷೆ ಮಾತ್ರ ಬರಲೇ ಇಲ್ಲ. ಹೋಮ್ ಎಂಬುದು ಅಲ್ಲಿ ಬರಿಯ ಖಾಲಿ ಡೈರೆಕ್ಟರಿ.

ಸ್ಲರ್ಮ್‌ನ ಲಾಗ್ ತೆರೆದೆ. ಇತ್ತು, ಆ ಸಾಲು ಇತ್ತು: ಹೋಮ್‌ಗೆ ಹೋಗಲಾಗಲಿಲ್ಲ, ಬದಲಿಗೆ ಟೆಂಪ್‌ಗೆ ಹೋಗುತ್ತಿದ್ದೇನೆ. ಅವಳ ಇನ್‌ಪುಟ್ ಕಡತಗಳು ಇನ್ಫಿನಿಬ್ಯಾಂಡ್ ಎಂಬ ಬೇರೆಯೇ ಜಾಲದ ಮೇಲಿನ ಸ್ಕ್ರ್ಯಾಚ್ ಸಂಗ್ರಹದಲ್ಲಿ ಇದ್ದುದರಿಂದ ಲೆಕ್ಕ ನಿಜವಾಗಿಯೂ ಓಡಿ ಮುಗಿದಿತ್ತು. ಫಲಿತಾಂಶ ಬಿದ್ದದ್ದು ಆ ನೋಡ್‌ನ ಟೆಂಪ್‌ನಲ್ಲಿ. ಆ ನೋಡ್‌ಗಳಿಗೆ ಡಿಸ್ಕೇ ಇಲ್ಲ. ಟೆಂಪ್ ಇರುವುದು ರ‍್ಯಾಮ್‌ನಲ್ಲಿ. ಯಾರಾದರೂ ಒಂದು ರೀಬೂಟ್ ಒತ್ತಿದ್ದರೆ ಅಷ್ಟೂ ಗಾಳಿಗೆ!

ಹುಡುಗ ತನ್ನ ಕೈ ತಾನೇ ನೋಡಿಕೊಂಡ.

ಅಷ್ಟೇ ಆಗಿದ್ದರೆ ಸುಲಭವಿತ್ತು. ಆ ನೋಡ್‌ಗಳಿಗೆ ನೇರ ಲಾಗಿನ್ ಆಗಲು ನೋಡಿದ ಕೆಲವರಿಗೆ ಪಾಸ್‌ವರ್ಡ್ ಕೇಳಿದೆ, ಎಸ್‌ಎಸ್‌ಎಚ್ ಕೀಲಿ ಇರುವುದೇ ಮನೆಯೊಳಗೆ ಅಲ್ಲವೇ. ಪಾಸ್‌ವರ್ಡ್ ಕೊಟ್ಟವರಿಗೆ ಲಾಗಿನ್ ನೋಡಿಕೊಳ್ಳುವ ಪ್ಯಾಮ್‌ನ ಒಂದು ಉಪಕಾರಿ ಮಾಡ್ಯೂಲ್ ‘ನಿಮಗೆ ಮನೆಯಿಲ್ಲವೇ, ತಗೊಳ್ಳಿ’ ಎಂದು ಅದೇ ರ‍್ಯಾಮ್‌ನಲ್ಲಿ ಹೊಸ ಖಾಲಿ ಮನೆ ಕಟ್ಟಿಕೊಟ್ಟಿದೆ. ಇಬ್ಬರು ಅದನ್ನೇ ನಿಜವಾದ ಮನೆಯೆಂದು ನಂಬಿ ಅದರೊಳಗೆ ಬರೆದಿದ್ದಾರೆ. ನಕಲಿ ಮನೆಗಳು!

“ಎಲ್ಲಾ ನೋಡ್‌ನಲ್ಲೂ ಹೋಮ್ ಒಳಗಿರೋದನ್ನ ಆರ್‌ಎಂ ಹಾಕಿ ಒರೆಸಿ, ಆಟೋಎಫ್‌ಎಸ್ ರೀಸ್ಟಾರ್ಟ್ ಮಾಡಿಬಿಡ್ಲಾ ಸರ್?” ಆದೇಶ ಟೈಪ್ ಆಗಿ ನಿಂತಿತ್ತು. ಪಿಡಿಎಸ್‌ಎಚ್, ಎಲ್ಲ ನೋಡ್‌ಗಳು, ಆರ್‌ಎಂ, ಹೋಮ್, ನಕ್ಷತ್ರ ಚಿಹ್ನೆ. ಎಂಟರ್ ಒಂದೇ ಬಾಕಿ.

ಅವನ ಮಣಿಕಟ್ಟು ಹಿಡಿದೆ. ನಕ್ಷೆಯಿಲ್ಲದ ಆ ನೋಡ್‌ಗಳಲ್ಲಿ ಒಂದರಲ್ಲಿ ಅವನೇ ಆಗಲೇ ಆಟೋಎಫ್‌ಎಸ್ ಎಬ್ಬಿಸಿದ್ದ. ಉಳಿದ ರ‍್ಯಾಕ್‌ಗಳಲ್ಲಂತೂ ಅಸಲಿ ಮನೆಗಳೇ ಜೋಡಿಕೊಂಡಿದ್ದವು. ಅಲ್ಲಿ ಒರೆಸಿದ್ದು ಸರ್ವರ್‌ನಲ್ಲೇ ಒರೆಸಿದಂತೆ. ದೂರದ ರೂಟ್‌ನ ಅಧಿಕಾರ ಕಿತ್ತುಕೊಳ್ಳುವ ರೂಟ್ ಸ್ಕ್ವಾಶ್ ಎಂಬ ತಡೆಯೊಂದಿದೆ. ನಮ್ಮಲ್ಲಿ ಆಡಳಿತದ ಅನುಕೂಲಕ್ಕೆಂದು ಅದನ್ನು ತೆಗೆಯಲಾಗಿತ್ತು. ಇಂಥ ಒಂದು ತಪ್ಪು ಏನು ಮಾಡಬಲ್ಲದು ಎಂಬುದು ನನಗೆ ಗೊತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ, ಹಳೆಯ ಲಾಗ್ ಒರೆಸಬೇಕಿದ್ದ ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿ ಬರೆಯಲಾಯಿತು. ವೇರಿಯೇಬಲ್ ಖಾಲಿಯಾಗಿ, ಸುಮಾರು 77 ಟೆರಾಬೈಟ್, 3.4 ಕೋಟಿ ಕಡತಗಳು ಅಳಿದವು. 14 ಸಂಶೋಧನಾ ಗುಂಪುಗಳಿಗೆ ಪೆಟ್ಟು, ಅವುಗಳಲ್ಲಿ 4 ಗುಂಪುಗಳ ದತ್ತಾಂಶ ಬ್ಯಾಕಪ್‌ನಿಂದಲೂ ಮರಳಲಿಲ್ಲ. ಅಲ್ಲಿ ಕಳೆದುಹೋದದ್ದು ಯಾರದೋ ವರ್ಷಗಳ ದುಡಿಮೆ. ಅದನ್ನು ಓದಿದ ದಿನದಿಂದ ನಕ್ಷತ್ರ ಚಿಹ್ನೆಯಿರುವ ಆರ್‌ಎಂ ಕಂಡರೆ ನನ್ನ ರಕ್ತ ಹೆಪ್ಪುಗಟ್ಟುತ್ತದೆ.

ಹುಡುಗ ಆ ಸಾಲನ್ನು ಅಕ್ಷರ ಅಕ್ಷರವಾಗಿ ಅಳಿಸಿದ. ಆಮೇಲೆ ಅವನೇ ಕೇಳಿದ, “ಹಾಗಾದ್ರೆ ಅಸಲಿ ಯಾವುದು ನಕಲಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?” ಸರಿಯಾದ ಪ್ರಶ್ನೆ. ಪ್ರತಿ ಹಾದಿಗೂ ಅದು ಯಾವ ಫೈಲ್‌ಸಿಸ್ಟಮ್ ಮೇಲಿದೆ ಎಂದು ಕೇಳಿದೆವು. ಎನ್‌ಎಫ್‌ಎಸ್ ಎಂದರೆ ಅಸಲಿ, ದೂರವಿರು. ಬೇರೇನಾದರೂ ಎಂದರೆ ನಕಲಿ, ಆದರೆ ಒಳಗೆ ಯಾರದೋ ಬರಹ ಇರಬಹುದು, ಮೊದಲು ಉಳಿಸು. ನೋಡ್ ನೋಡ್ ಸುತ್ತಿದೆವು. ಟೆಂಪ್‌ನಲ್ಲಿದ್ದ ಫಲಿತಾಂಶಗಳನ್ನು, ನಕಲಿ ಮನೆಗಳ ಕಡತಗಳನ್ನು ಮಾಲೀಕರ ಹೆಸರು ಕೆಡದಂತೆ ಗಂಟುಕಟ್ಟಿ ಸ್ಕ್ರ್ಯಾಚ್‌ಗೆ ಸಾಗಿಸಿದೆವು. ಹುಡುಗ ಆಟೋಎಫ್‌ಎಸ್ ಎಬ್ಬಿಸಿದ್ದ ಆ ಒಂದು ನೋಡ್‌ನಲ್ಲಿ ನಕಲಿ ಮನೆಗಳು ಕಾಣಿಸಲೇ ಇಲ್ಲ. ಅವು ಅಳಿದಿರಲಿಲ್ಲ, ಹೊಸ ಮೌಂಟ್‌ನ ಅಡಿಯಲ್ಲಿ ಹೂತುಹೋಗಿದ್ದವು. ಮೂಲ ಫೈಲ್‌ಸಿಸ್ಟಮನ್ನೇ ಬೇರೊಂದು ಜಾಗಕ್ಕೆ ಬೈಂಡ್ ಮೌಂಟ್ ಮಾಡಿದರೆ ಮೇಲಿನ ಹೊದಿಕೆಗಳು ಜೊತೆಗೆ ಬರುವುದಿಲ್ಲ. ಮಾಡಿದೆ. ಆ ಕಿಂಡಿಯಿಂದ ಇಣುಕಿದಾಗ ಒಂದು ಮನೆ, ಅದರೊಳಗೆ ಎರಡು ಗಂಟೆ ಹಳೆಯ ಒಂದು ಕಡತ. ಯಾರೋ ಬರೆದಿದ್ದ ಹೊಸ ಕೋಡ್! ಅದನ್ನೂ ಎಳೆದು ತಂದೆವು.

ಖಾಲಿಯಾದ ನಕಲಿ ಮನೆಗಳಿಗೆ ಆರ್‌ಎಂ ಅಲ್ಲ, ಆರ್‌ಎಂಡಿರ್ ಮಾತ್ರ. ಒಳಗೆ ಒಂದು ಕಡತ ಉಳಿದಿದ್ದರೂ ಅದು ಅಳಿಸಲು ಒಪ್ಪುವುದಿಲ್ಲ. ಆಮೇಲೆ ಆಟೋಎಫ್‌ಎಸ್ ಎಬ್ಬಿಸಿದೆವು, ಒಟ್ಟಿಗೆ ಅಲ್ಲ, ಕೆಲವೇ ನೋಡ್‌ಗಳಂತೆ. ಒಮ್ಮೆಲೇ ಎಬ್ಬಿಸಿದರೆ ಎಲ್ಲವೂ ಒಂದೇ ಕ್ಷಣ ಎಲ್‌ಡ್ಯಾಪ್‌ಗೂ ಹೋಮ್ ಸರ್ವರ್‌ಗೂ ಮುಗಿಬೀಳುತ್ತವೆ, ಗಾಯ ಮಾಗುತ್ತಿರುವ ಸರ್ವರ್ ಮತ್ತೆ ಕುಸಿಯುತ್ತದೆ. ಒಂದು ನೋಡ್ ಮಾತ್ರ ಎಬ್ಬಿಸಿದ ಮೇಲೂ ‘ಇಲ್ಲ’ ಎಂದೇ ಹಟ ಹಿಡಿಯಿತು. ಎದ್ದ ಮೊದಲ ಕ್ಷಣದಲ್ಲಿ ಅದರ ಹುಡುಕಾಟ ಸೋತಿತ್ತು. ಸೋತ ಉತ್ತರವನ್ನು ಆಟೋಎಫ್‌ಎಸ್ ಸಾಮಾನ್ಯವಾಗಿ 60 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ, ಅಷ್ಟು ಹೊತ್ತು ಮತ್ತೆ ಹುಡುಕುವುದೇ ಇಲ್ಲ. ಹುಡುಗ ಮರುಪ್ರಾರಂಭಕ್ಕೆ ಕೈಹಾಕಲಿಲ್ಲ, ಗಡಿಯಾರ ನೋಡುತ್ತ ನಿಂತ. ಒಂದು ನಿಮಿಷ ಕಳೆಯಿತು. ಮನೆ ಬಂತು.

ಸರದಿ ತೆರೆಯುವ ಮೊದಲು ಅವನನ್ನೇ ಕೂರಿಸಿ ಸ್ಲರ್ಮ್‌ನ ಆರೋಗ್ಯ ತಪಾಸಣೆಯ ಸ್ಕ್ರಿಪ್ಟ್‌ಗೆ ಮೂರು ಪ್ರಶ್ನೆ ಸೇರಿಸಿದೆವು. 8972 ಬೈಟ್‌ನ ಒಡೆಯದ ಪಿಂಗ್ ಹೋಮ್ ಸರ್ವರ್ ಮುಟ್ಟಿ ಬಂತೇ? ಆಟೋಎಫ್‌ಎಸ್ ಬಳಿ ನಕ್ಷೆ ಇದೆಯೇ? ಪರೀಕ್ಷೆಗೆಂದೇ ಇಟ್ಟ ಒಂದು ಮನೆ ಎನ್‌ಎಫ್‌ಎಸ್ ಮೇಲೆಯೇ ತೆರೆಯುತ್ತದೆಯೇ? ಮೂರಕ್ಕೂ ಹೌದು ಎನ್ನದ ನೋಡ್ ಇನ್ನು ಕೆಲಸ ತೆಗೆದುಕೊಳ್ಳುವಂತಿಲ್ಲ. ಹಾಗೇ ರೂಟ್ ಸ್ಕ್ವಾಶ್ ತಡೆಯನ್ನೂ ಮರಳಿ ಹಾಕಿದೆವು, ಅನುಕೂಲ ಹೋದರೆ ಹೋಗಲಿ ಎಂದು. ಬೆಳಗಿನ ಪಾಳಿಯವರು ಬರುವ ಹೊತ್ತಿಗೆ ಪಾರ್ಟಿಶನ್ ಮತ್ತೆ ‘ಅಪ್’ ಆಯಿತು, ರಾತ್ರಿಯಿಡೀ ಸಾಲಿನಲ್ಲಿ ನಿಂತಿದ್ದ ಕೆಲಸಗಳು ಒಂದರ ಹಿಂದೊಂದು ಒಳನುಗ್ಗಿದವು. ಮುಂಗಾರಿನ ಮಾದರಿ ಅವುಗಳ ನಡುವೆ ತನ್ನ ಪಾಡಿಗೆ ಕೊನೆಯ ಹಂತದ ಮಳೆಯನ್ನು ಲೆಕ್ಕಹಾಕುತ್ತಿತ್ತು.